ಪಾತ್ರೆ ಒರೆಸುವ ಬಟ್ಟೆಯ ಮೇಲಿನ ಊರು

ಆಸ್ಟ್ರೇಲಿಯಾದ ಪರ್ತ್‌ನಲ್ಲಿ, ಕ್ಯಾನಿಂಗ್ ವೇಲ್‌ನ ನಮ್ಮ ಮನೆಯಲ್ಲಿ ಗ್ಯಾಸ್ ಒಲೆ ಒರೆಸಲು ನಾನು ಬಳಸುವ ಬಟ್ಟೆಯ ಮೇಲೆ ಒಂದು ಊರಿನ ಇಡೀ ಚರಿತ್ರೆ ಅಚ್ಚಾಗಿದೆ. ನಡುವೆ ಸಮುದ್ರದೊಳಕ್ಕೆ ಚಾಚಿದ ಮರದ ಜೆಟ್ಟಿ, ಎಡಕ್ಕೆ ಹೋಟೆಲು, ಬಲಕ್ಕೆ ಚರ್ಚು, ಹಿಂದೆ ಕಾಳು ತುಂಬುವ ಸೈಲೋಗಳು, ಮೂಲೆಯಲ್ಲಿ ಕೊಕ್ಕು ಇಳಿಬಿಟ್ಟುಕೊಂಡು ನಿಂತ ಪೆಲಿಕನ್ ಹಕ್ಕಿ. ನಾವು ಆ ಊರು ಬಿಡುವಾಗ ಅದನ್ನು ರಿಬ್ಬನ್ ಕಟ್ಟಿ ಉಡುಗೊರೆ ಕೊಟ್ಟರು. ಬೇರೆ ಯಾರಾದರೂ ಆಗಿದ್ದರೆ ಜೋಪಾನವಾಗಿ ಮಡಿಸಿ ಇಡುತ್ತಿದ್ದರೇನೋ. ನಾನು ಒಗ್ಗರಣೆ ಸಿಡಿದ ಎಣ್ಣೆ ಒರೆಸುತ್ತೇನೆ. ಪೆಲಿಕನ್ ಮೇಲೆ ಅರಿಶಿನದ ಕಲೆ ಬಿದ್ದಾಗ ನನಗೆ ಒಂದು ಥರದ ಸಮಾಧಾನವಾಗುತ್ತದೆ.

ತಮ್ಮ ಚರಿತ್ರೆಯನ್ನು ಪಾತ್ರೆ ಒರೆಸುವ ಬಟ್ಟೆಯ ಮೇಲೆ ಹಾಕಿಸಿಕೊಳ್ಳುವ ಜನ ಎಂಥವರಿರಬೇಕು ಎಂದು ನೀವು ಯೋಚಿಸಬಹುದು. ನಾನು ಅವರ ನಡುವೆ ವರ್ಷಗಟ್ಟಲೆ ಬದುಕಿದವಳು, ಹೇಳುತ್ತೇನೆ.

ಅಲ್ಲಿಗೆ ನಾವು ಆಸೆಪಟ್ಟು ಹೋದವರಲ್ಲ. ನನ್ನ ಗಂಡನಿಗೆ ಕೆಲಸ ಸಿಕ್ಕಿದ್ದು ಆ ಊರಿನ ಟ್ರ್ಯಾಕ್ಟರ್ ವರ್ಕ್‌ಶಾಪಿನಲ್ಲಿ. ವೀಸಾ ಅದೇ ಕೆಲಸಕ್ಕೆ ಗಂಟುಬಿದ್ದಿತ್ತು. ಪಿಆರ್, ಅಂದರೆ ಕಾಯಂ ಆಗಿ ನೆಲೆಸುವ ಅನುಮತಿ, ಬರುವವರೆಗೆ ಅಲ್ಲಿಂದ ಅಲುಗಾಡುವ ಹಾಗಿರಲಿಲ್ಲ. ಮೈಸೂರಿನಲ್ಲಿ ಬ್ಯಾಂಕಿನ ಕೌಂಟರಿನಲ್ಲಿ ಕೂತಿದ್ದ ನಾನು, ಅಡಿಲೇಡ್‌ನಿಂದ ಎರಡೂವರೆ ಗಂಟೆ ದೂರದ ಒಂದು ಸಮುದ್ರದಂಡೆಗೆ ಬಂದು ಬಿದ್ದೆ. ಬ್ರಿಸ್ಬೇನ್‌ನ ಎಯ್ಟ್ ಮೈಲ್ ಪ್ಲೇನ್ಸ್‌ನಲ್ಲಿರುವ ನನ್ನ ತಂಗಿ ಫೋನು ಮಾಡಿದಾಗಲೆಲ್ಲ ಹೊಟ್ಟೆ ಉರಿದುಕೊಳ್ಳುತ್ತಿದ್ದಳು.

"ಲಕ್ಕಿ ಕಣೇ ನೀನು. ಬೀಚ್ ಎದುರಿಗೇ ಮನೆ. ನಾನಿಲ್ಲಿ ಮೋಟರ್‌ವೇ ಸೌಂಡ್ ಕೇಳ್ಕೊಂಡು ಬಿದ್ದಿದೀನಿ."

"ಬೀಚಲ್ಲ ಕಣೇ. ಸಮುದ್ರದ ಪಾಚಿ ಕೊಳೆತು ಗುಡ್ಡೆ ಬಿದ್ದಿರತ್ತೆ. ಕಿಟಕಿ ತೆಗೆದ್ರೆ ಚರಂಡಿ ವಾಸ್ನೆ. ಬಂದು ನೋಡು," ಎನ್ನುತ್ತಿದ್ದೆ. ಅವಳು ಬರಲೂ ಇಲ್ಲ, ನಂಬಲೂ ಇಲ್ಲ.

ಆ ಊರಿನವರೂ ಸಮುದ್ರವನ್ನು ನೋಡುತ್ತಿರಲಿಲ್ಲ. ಹಳೆಯ ಮನೆಗಳೆಲ್ಲ ಸಮುದ್ರಕ್ಕೆ ಬೆನ್ನು ಹಾಕಿ ರಸ್ತೆಯ ಕಡೆ ಮುಖ ಮಾಡಿ ಕೂತಿವೆ. ಯಾರು ಯಾರ ಮನೆಗೆ ಹೋದರು, ಯಾರ ಹೊಸ ಕಾರು ಬಂತು ಎನ್ನುವುದು ಕಾಣಬೇಕಲ್ಲ. ಎದುರಿನಿಂದ ಬರುವ ಕಾರಿನವರು ಸ್ಟೀರಿಂಗ್ ಮೇಲಿನಿಂದ ಒಂದೇ ಒಂದು ತೋರುಬೆರಳನ್ನು ಎತ್ತಿ ಇಳಿಸುತ್ತಾರೆ. ಅದೇ ನಮಸ್ಕಾರ, ಅದೇ ಸ್ನೇಹ, ಅದೇ ಅತಿಥಿ ಸತ್ಕಾರ. ಇಡೀ ಕೈ ಎತ್ತಿದರೆ ಎಲ್ಲಿ ಸವೆದು ಹೋಗುತ್ತದೋ ಎಂಬ ಭಯ. ಇನ್ನು ಮಾತು ಅಂದರೆ ಮಳೆ. ಪ್ರತಿ ಮನೆಯ ಹಿತ್ತಲಲ್ಲೂ ಮಳೆ ಅಳೆಯುವ ಒಂದು ಕೊಳವೆ. "ನಿಮ್ಮಲ್ಲಿ ಎಷ್ಟು ಬಂತು?" ಎಂದು ಶುರುವಾದ ಮಾತು "ನಮ್ಮಲ್ಲಿ ಅಷ್ಟಿಲ್ಲ" ಎನ್ನುವಲ್ಲಿಗೆ ಮುಗಿಯುತ್ತದೆ. ಗಂಡ ಸತ್ತ ಮನೆಗೆ ಹೋದರೂ ಮೊದಲು ಮಳೆ, ಆಮೇಲೆ ಹೆಣ.

ಜೆಟ್ಟಿಯ ಬುಡದಲ್ಲಿ ಊರಿನ ಚರಿತ್ರೆಯ ಫಲಕವಿದೆ. ಅದರ ಪ್ರಕಾರ ಚರಿತ್ರೆ ಶುರುವಾಗುವುದು ಒಬ್ಬ ಸರ್ವೇಯರು ಅಲ್ಲಿ ಕುದುರೆಯಿಂದ ಇಳಿದ ದಿನ. ಅದಕ್ಕೆ ಮುಂಚೆ ಸಾವಿರಾರು ವರ್ಷ ಆ ದಂಡೆಯಲ್ಲಿ ಮೀನು ಹಿಡಿದು ಬದುಕಿದ ಮೂಲನಿವಾಸಿಗಳಿಗೆ ಒಂದೇ ಸಾಲು, ಎಲ್ಲರೂ ಸತ್ತುಹೋದರೇನೋ ಎನ್ನುವ ಹಾಗೆ. ಅವರ ಮರಿಮಕ್ಕಳು ಪಕ್ಕದ ಊರಿನ ಸೂಪರ್‌ಮಾರ್ಕೆಟ್ಟಿನಲ್ಲಿ ನಮ್ಮ ಜೊತೆ ಕ್ಯೂ ನಿಲ್ಲುತ್ತಿದ್ದರು. ಸರ್ವೇಯರು ಇಳಿದ ಮೇಲೆ ಕುರುಚಲು ಕಾಡು ಕಡಿದರು, ಕಲ್ಲು ಆಯ್ದರು, ಬಾರ್ಲಿ ಬಿತ್ತಿದರು. ಜೆಟ್ಟಿ ಕಟ್ಟಿ ಹಾಯಿಹಡಗುಗಳಿಗೆ ಮೂಟೆ ತುಂಬಿದರು. ಆಮೇಲೆ ದೊಡ್ಡ ಲಾರಿಗಳು ಬಂದವು, ಹಡಗು ಬರುವುದು ನಿಂತಿತು, ಬಿರುಗಾಳಿಗೆ ಜೆಟ್ಟಿಯ ತುದಿ ಮುರಿದು ಹೋಯಿತು. ಅದನ್ನು ಸರಿ ಮಾಡಿಸಬೇಕೆಂದು ಪ್ರತಿ ವರ್ಷ ಕೇಕು ಮಾರುತ್ತಾರೆ. ಕೇಕು ಖರ್ಚಾಗುತ್ತದೆ, ಜೆಟ್ಟಿ ಹಾಗೇ ಇದೆ.

ಊರಿಗೆಲ್ಲ ಐದು ಮನೆತನ. ಬೀದಿಗಳಿಗೆ ಅವರ ಹೆಸರು, ಯುದ್ಧ ಸ್ಮಾರಕದ ಮೇಲೆ ಅವರ ಹೆಸರು, ಗೋರಿಗಳ ಮೇಲೆ ಅವರ ಹೆಸರು, ಅಂಚೆ ಡಬ್ಬಿಗಳ ಮೇಲೂ ಅದೇ ಹೆಸರು. ಉಳಿದವರೆಲ್ಲ ಹೊರಗಿನವರು. ಹೊರಗಿನವರು ಅಂದರೆ ನಮ್ಮಂಥ ಕರಿಯರು ಮಾತ್ರ ಅಂದುಕೊಳ್ಳಬೇಡಿ. ನಮ್ಮ ಪಕ್ಕದ ಮನೆಯ ಮುದುಕಿ ಅಲ್ಲೇ ಸಂಸಾರ ಮಾಡಿ, ಅಲ್ಲೇ ಗಂಡನನ್ನು ಹೂತು, ಊರಿನವರೆಲ್ಲ ಸೇರುವ ಹಾಲ್‌ನಲ್ಲಿ ಜೀವಮಾನವಿಡೀ ಟೀ ಕಾಸಿ ಕೊಟ್ಟವರು. ಅವರನ್ನೂ "ಆಕೆ ಈ ಕಡೆಯವಳಲ್ಲ" ಎಂದೇ ಅನ್ನುತ್ತಿದ್ದರು. ಏಕೆಂದರೆ ಅವರೂ ಅವರ ಗಂಡನೂ ಮದುವೆಯಾದ ಹೊಸತರಲ್ಲಿ ಬೇರೆ ಜಿಲ್ಲೆಯಿಂದ ಬಂದು ಜಮೀನು ಗುತ್ತಿಗೆ ಹಿಡಿದಿದ್ದರು. ಅಷ್ಟೇ ಅಪರಾಧ.

ಆ ಮುದುಕಿಯನ್ನು ಊರೆಲ್ಲ ಹೆಸರು ಹಿಡಿದು ಕೂಗುತ್ತಿತ್ತು. ನನಗೆ ನಾಲಿಗೆ ಹೊರಳಲಿಲ್ಲ, ಆಂಟಿ ಅಂದೆ. ನಾವು ಬಂದ ದಿನವೇ ಬೇಲಿಯ ಆಚೆಯಿಂದ ಕತ್ತು ಚಾಚಿ ಕೇಳಿದ್ದರು:

"ನೀನು ಇಂಡಿಯಾದವಳಾ?"

"ಹೌದು ಆಂಟಿ."

"ಹಾಗಾದ್ರೆ ನೀನು ನನ್ನ ಗಂಡ ಬೆಳೆದಿದ್ದನ್ನ ತಿಂದು ದೊಡ್ಡವಳಾದೆ!"

ಅವರ ಮುಖ ಎಷ್ಟು ಅರಳಿತ್ತೆಂದರೆ ನಾನು ಸುಮ್ಮನೆ ನಕ್ಕೆ. ವಿಷಯ ಏನೆಂದು ತಿಳಿದದ್ದು ಆಮೇಲೆ. ಆ ಸೀಮೆಯಲ್ಲಿ ಎಲ್ಲರೂ ಬಾರ್ಲಿ, ಬಟಾಣಿ ಬೆಳೆಯುತ್ತಿದ್ದ ಕಾಲದಲ್ಲಿ ಮೊದಲ ಸಲ ಮಸೂರ್ ಬಿತ್ತಿದವರು ಅವರ ಗಂಡ. ನಮ್ಮ ಕಡೆ ಚನ್ನಂಗಿ ಅನ್ನುತ್ತೇವಲ್ಲ, ಆ ಕಾಳು. ಗಿಡ ಮೊಣಕಾಲಿಗೂ ಬರುವುದಿಲ್ಲ, ನೆಲಕ್ಕೆ ಅಂಟಿಕೊಂಡೇ ಕಾಯಿ ಬಿಡುತ್ತದೆ, ಕಟಾವಿಗೆ ಒಂದು ಕಲ್ಲು ಇರದ ಹಾಗೆ ಹೊಲ ಸಮ ಮಾಡಬೇಕು. ಗಂಡ ಹೆಂಡತಿ ಇಬ್ಬರೂ ಮಂಡಿಯೂರಿ ಕಲ್ಲು ಆಯ್ದರಂತೆ. ಊರು ನಕ್ಕಿತು. ಐದು ಮನೆತನಗಳಲ್ಲಿ ದೊಡ್ಡ ಜಮೀನಿನ ಯಜಮಾನನೊಬ್ಬ ಹೋಟೆಲಿನ ಎದುರು ಎಲ್ಲರೂ ನೋಡುತ್ತಿರುವಂತೆ ಅವರ ಕೈಯಿಂದ ಒಂದು ಹಿಡಿ ಕಾಳು ಇಸಿದುಕೊಂಡು ಸಮುದ್ರದ ಹಕ್ಕಿಗಳಿಗೆ ಎರಚಿದನಂತೆ, ಇವಾದರೂ ತಿನ್ನುತ್ತವಾ ನೋಡೋಣ ಅಂತ. ಹಕ್ಕಿಗಳು ಬಂದು ಮೂಸಿ ಹೋದವಂತೆ. ಇದನ್ನೆಲ್ಲ ಹೇಳಿದ್ದು ಆಂಟಿಯೇ, ಬೇಲಿಗೆ ಒರಗಿಕೊಂಡು.

"ಅವತ್ತು ಮನೆಗೆ ಬಂದು ಇವರು ಏನಂದ್ರು ಗೊತ್ತಾ? ಈ ಊರು ತಿನ್ನದಿದ್ರೆ ಹೋಗಲಿ, ಆಚೆ ಒಂದು ದೇಶ ಇದೆ, ಅಲ್ಲಿ ಇದೇ ಊಟ ಅಂದ್ರು. ಅದೇ ಮಾತಲ್ಲಿ ಬದುಕಿದ್ರು, ಅದೇ ಮಾತಲ್ಲಿ ಸತ್ರು."

ಕಾಲ ತಿರುಗಿತು. ಇಂಡಿಯಾಕ್ಕೆ ಹಡಗು ಹತ್ತತೊಡಗಿ ಆ ಕಾಳಿಗೆ ಬೆಲೆ ಬಂತು. ಈಗ ಐದೂ ಮನೆತನದವರು ಅದನ್ನೇ ಬೆಳೆಯುತ್ತಾರೆ. ಯಜಮಾನನ ಸೊಸೆಯ ಹೊಸ ಅಡುಗೆಮನೆ, ಮಕ್ಕಳ ಅಡಿಲೇಡ್ ಬೋರ್ಡಿಂಗ್ ಸ್ಕೂಲು, ಕುರಿ ಕಾಯುವ ನಾಯಿಗೆ ಹಲ್ಲಿನ ಡಾಕ್ಟರು, ಎಲ್ಲವೂ ಆ ಕಾಳಿನಿಂದಲೇ. ಆದರೆ ಊರಿನಲ್ಲಿ ಒಬ್ಬನೂ ಒಂದು ಕಾಳು ಬಾಯಿಗಿಡುವುದಿಲ್ಲ. ಸುಗ್ಗಿಯಲ್ಲಿ ನಾನು ಸೈಲೋ ಬಳಿ ಲಾರಿಗಳಿಂದ ಕಾಳಿನ ಸ್ಯಾಂಪಲ್ ತೆಗೆಯುವ ಕೆಲಸಕ್ಕೆ ಹೋಗುತ್ತಿದ್ದೆ. ಲಾರಿಯಿಂದ ಇಳಿಯುವ ರೈತರು ನನ್ನನ್ನು ಕಂಡ ಕೂಡಲೇ ಬಾಯಿ ಚಪ್ಪರಿಸಿ ತೋರಿಸುತ್ತಿದ್ದರು, ನಿಮ್ಮ ಊಟ ಬಂತು ನೋಡು ಎನ್ನುವ ಹಾಗೆ. ಬೆಳೆದದ್ದನ್ನು ತಿನ್ನದೆ, ತಿನ್ನುವವರನ್ನು ನೋಡಿ ನಗುವ ರೈತರನ್ನು ನಾನು ಅಲ್ಲೇ ಮೊದಲು ನೋಡಿದ್ದು.

ಇದರಲ್ಲಿ ಒಂದು ಎಡವಟ್ಟಿತ್ತು. ನಮ್ಮ ಮನೆಯಲ್ಲೂ ಅದನ್ನು ತಿನ್ನುವುದಿಲ್ಲ. ಮೈಸೂರಿನ ನಮ್ಮಜ್ಜಿಯ ಅಡುಗೆಮನೆಗೆ ಈರುಳ್ಳಿಯೇ ಬರುತ್ತಿರಲಿಲ್ಲ, ಇನ್ನು ಚನ್ನಂಗಿ ಎಲ್ಲಿಂದ ಬರಬೇಕು. ಒಡೆದರೆ ಒಳಗೆ ಕೆಂಪು, ಮಾಂಸದ ಬಣ್ಣ, ಅದು ಮಡಿಗೆ ಬರುವುದಿಲ್ಲ ಎಂದು ಅಜ್ಜಿ ಮೂಗು ಮುರಿಯುತ್ತಿದ್ದಳು. ಒಮ್ಮೆ ಅಂಗಡಿಯವನು ತಪ್ಪಿ ಕಟ್ಟಿ ಕೊಟ್ಟ ಪೊಟ್ಟಣವನ್ನು ಮುಟ್ಟಿದ್ದಕ್ಕೆ ತಲೆಗೆ ನೀರು ಹಾಕಿಕೊಂಡಿದ್ದಳು. ಉತ್ತರದ ಕಡೆಯವರು, ಬಂಗಾಳದವರು ಬೇಕಾದಷ್ಟು ತಿನ್ನುತ್ತಾರೆ, ನಮ್ಮಲ್ಲೂ ಎಷ್ಟೋ ಮನೆಗಳಲ್ಲಿ ಮಾಡುತ್ತಾರೆ. ನಮ್ಮ ಮನೆಯಲ್ಲಿ ಇಲ್ಲ. ಕಿಟಕಿಯಿಂದ ನೋಡಿದರೆ ದಿಗಂತದವರೆಗೆ ಚನ್ನಂಗಿ ಹೊಲ, ನಾನು ಮಾತ್ರ ಅಡಿಲೇಡಿನ ಇಂಡಿಯನ್ ಅಂಗಡಿಗೆ ಕಾರು ಓಡಿಸಿಕೊಂಡು ಹೋಗಿ ತೊಗರಿಬೇಳೆ ಹೊತ್ತು ತರುತ್ತಿದ್ದೆ. ಆಂಟಿಗೆ ಕಾಣದಿರಲಿ ಅಂತ ಚೀಲವನ್ನು ಟವೆಲ್ಲಿನಲ್ಲಿ ಸುತ್ತಿ ಒಳಗೆ ಒಯ್ಯುತ್ತಿದ್ದೆ.

ನನ್ನ ಗಂಡನಿಗೆ ಅದೊಂದು ತಮಾಷೆ. "ಏನೇ ಇದು, ಸ್ಮಗ್ಲಿಂಗ್ ಮಾಡ್ತಿದೀಯಾ? ಹೇಳ್ಬಿಡು ಒಂದ್ಸಲ, ನಾವ್ ತಿನ್ನಲ್ಲ ಆಂಟಿ ಅಂತ."

"ಹೇಳ್ತೀನಿ ಹೇಳ್ತೀನಿ," ಅಂದೆ. ಹೇಳಲಿಲ್ಲ. ಎಲ್ಲರ ಮುಖಕ್ಕೂ ಹೊಡೆದ ಹಾಗೆ ಮಾತಾಡುವವಳು ಅಂತ ನನಗೆ ಹೆಸರಿದೆ. ಆ ಹೆಸರು ಬೇಲಿಯ ಹತ್ತಿರ ಬಂದರೆ ಕೆಲಸಕ್ಕೆ ಬರುತ್ತಿರಲಿಲ್ಲ.

ಊರು ಹುಟ್ಟಿದ ಹಬ್ಬ ಬಂತು. ಸರ್ವೇಯರು ಕುದುರೆ ಇಳಿದ ನೆನಪಿಗೆ ಪಾತ್ರೆ ಒರೆಸುವ ಹೊಸ ಬಟ್ಟೆ ಅಚ್ಚು ಹಾಕಿಸಬೇಕು ಎಂದು ಸಮಿತಿ ಕೂತಿತು. ಜೆಟ್ಟಿ, ಹೋಟೆಲು, ಚರ್ಚು, ಸೈಲೋ ಖಾಯಂ. ಒಂದು ಮೂಲೆ ಖಾಲಿ ಉಳಿಯಿತು. ಅಲ್ಲಿ ಮಸೂರ್ ಗಿಡದ ಒಂದು ಕುಡಿ ಬರೆಸಿ ಎಂದು ಆಂಟಿ ಕೇಳಿದರು. ಗಂಡನ ಹೆಸರು ಹಾಕಿ ಅನ್ನಲಿಲ್ಲ, ಫೋಟೋ ಹಾಕಿ ಅನ್ನಲಿಲ್ಲ. ಹೆಬ್ಬೆಟ್ಟಿನಷ್ಟು ಜಾಗದಲ್ಲಿ ಒಂದು ಗಿಡ. ಆ ಊರಿನಲ್ಲಿ ಅವರು ಬಾಯಿ ಬಿಟ್ಟು ಕೇಳಿದ್ದು ಬಹುಶಃ ಅದೊಂದೇ. ಸಮಿತಿಯ ಅಧ್ಯಕ್ಷೆ ಬೇರೆ ಯಾರೂ ಅಲ್ಲ, ಹಕ್ಕಿಗೆ ಕಾಳು ಎರಚಿದ ಯಜಮಾನನ ಸೊಸೆ. "ನೋಡೋಣ" ಅಂದಳು. ಅಲ್ಲಿ ನೋಡೋಣ ಅಂದರೆ ಆಗುವುದಿಲ್ಲ ಅಂತ. ಈ ಒಂದು ವಿಷಯದಲ್ಲಿ ಅವರು ನಮ್ಮ ಸರ್ಕಾರಿ ಕಚೇರಿಯವರಿಗೆ ನೆಂಟರು.

ಆಂಟಿ ಮಾತ್ರ ಒಂದು ಉಪಾಯ ಹೂಡಿದರು. ಭಾನುವಾರ ಹಾಲ್‌ನಲ್ಲಿ ಹಬ್ಬದ ಊಟ. "ನೀನು ಇದನ್ನ ನಿಮ್ಮ ಥರ ಅಡುಗೆ ಮಾಡು. ಇವರು ತಿನ್ನಲಿ. ತಿಂದ ಮೇಲೆ ಬೇಡ ಅನ್ನೋಕೆ ಮುಖ ಇರಲ್ಲ," ಎಂದು ತಮ್ಮ ಮನೆಯ ಡಬ್ಬದಿಂದ ಕಾಳು ತಂದು ಕೊಟ್ಟರು. ಹೊರಗೆ ಮಣ್ಣಿನ ಬಣ್ಣ, ಸಿಪ್ಪೆ ಸುಲಿದರೆ ಒಳಗೆ ಅಜ್ಜಿಯ ಕೆಂಪು. ಜನ್ಮದಲ್ಲಿ ಮೊದಲ ಬಾರಿ ಚನ್ನಂಗಿ ಕಾಳಿನ ಹುಳಿ ಮಾಡಿದೆ. ಹೇಗೆ ಮಾಡುವುದೆಂದು ಗೊತ್ತಿರಲಿಲ್ಲ, ಹುರುಳಿಕಾಳಿಗೆ ಹಾಕುವ ಮಸಾಲೆಯನ್ನೇ ರುಬ್ಬಿ ಹಾಕಿದೆ. ಆಂಟಿ ನನ್ನ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು, ಇದು ನನಗೆ ಹುಟ್ಟಿನಿಂದ ಬಂದ ವಿದ್ಯೆ ಎನ್ನುವಂತೆ ಕಣ್ಣು ಮಿಟುಕಿಸದೆ ನೋಡುತ್ತಿದ್ದರು.

ಹಾಲ್‌ನಲ್ಲಿ ಎಲ್ಲರ ತಿಂಡಿಗಳೂ ಉದ್ದನೆಯ ಮೇಜಿನ ಮೇಲೆ. ನನ್ನ ಪಾತ್ರೆಗೆ ಪಕ್ಕದಲ್ಲಿ ಒಂದು ಪುಟ್ಟ ಮೇಜು, ಅದರ ಮೇಲೆ ನಮ್ಮ ಬಾವುಟ ಸಿಕ್ಕಿಸಿದ್ದರು, ಎಚ್ಚರಿಕೆಯ ಫಲಕದ ಹಾಗೆ. ಜನ ಬಂದು ಒಂದೊಂದು ಚಮಚ ತಟ್ಟೆಯ ಅಂಚಿಗೆ ಹಾಕಿಕೊಂಡರು. "ಎಂಥ ಘಮ!" ಅಂದರು. "ತುಂಬಾ ಇಂಟರೆಸ್ಟಿಂಗ್!" ಅಂದರು. ತಿನ್ನಲಿಲ್ಲ. ಆಮೇಲೆ ತಟ್ಟೆ ತೊಳೆಯುವಾಗ ನೋಡಿದೆನಲ್ಲ, ಪ್ರತಿ ತಟ್ಟೆಯ ಅಂಚಿನಲ್ಲೂ ಆ ಚಮಚದ ಗುಪ್ಪೆ ಹಾಗೇ ಇತ್ತು, ಪಕ್ಕದಲ್ಲಿ ಸಾಸೇಜ್ ರೋಲಿನ ಚೂರೂ ಇರಲಿಲ್ಲ.

ಆ ಊರಿನ ಒಂದು ಪದ್ಧತಿ ಹೇಳಬೇಕು. ಮೀಟಿಂಗಿನಲ್ಲಿ ಏನೂ ತೀರ್ಮಾನವಾಗುವುದಿಲ್ಲ. ಅಲ್ಲಿ ಕೈ ಎತ್ತುವುದು, ಥ್ಯಾಂಕ್ಸ್ ಹೇಳುವುದು ಎಲ್ಲ ನಾಟಕ. ತೀರ್ಮಾನ ಆಗುವುದು ಊಟ ಮುಗಿದ ಮೇಲೆ ಹಾಲ್‌ನ ಅಡುಗೆಮನೆಯಲ್ಲಿ. ಒಬ್ಬಳು ತೊಳೆಯುತ್ತಾಳೆ, ಉಳಿದವರು ಬಟ್ಟೆ ಹಿಡಿದು ಒರೆಸುತ್ತಾರೆ, ಒರೆಸುತ್ತ ಒರೆಸುತ್ತ ಊರಿನ ಹಣೆಬರಹ ಬರೆಯುತ್ತಾರೆ. ಅಲ್ಲಿಗೆ ನನಗೆ ಪ್ರವೇಶ ಸಿಕ್ಕಿದ್ದು ಅವತ್ತೇ. ಹಿಂದಿನ ಹಬ್ಬಕ್ಕೆ ಅಚ್ಚು ಹಾಕಿಸಿದ್ದ ಬಟ್ಟೆಯೊಂದನ್ನು ಕೈಗೆ ಕೊಟ್ಟರು. ಎಲ್ಲರ ಎಂಜಲು ತಟ್ಟೆಗಳ ನಡುವೆ ನಿಂತು ಹಳೆಯ ಚರಿತ್ರೆಯಿಂದ ತಟ್ಟೆ ಒರೆಸುತ್ತಿದ್ದೆ. ಆಂಟಿ ನನ್ನ ಪಕ್ಕದಲ್ಲಿ ಚಮಚಗಳನ್ನು ಒರೆಸುತ್ತಿದ್ದರು.

ಅಧ್ಯಕ್ಷೆ ಸಿಂಕಿನ ನೊರೆಯಿಂದ ಕೈ ತೆಗೆಯದೆ ಮಾತು ಶುರು ಮಾಡಿದಳು. "ಆ ಮೂಲೆಗೆ ಪೆಲಿಕನ್ ಚೆನ್ನಾಗಿರುತ್ತೆ ಅಂತ ಎಲ್ಲರೂ ಅಂತಿದ್ದಾರೆ."

ಎಲ್ಲರೂ ಅಂದರೆ ಅವಳು.

"ಪೆಲಿಕನ್ ಎಲ್ಲ ಕಡೆ ಇದೆ," ಎಂದರು ಆಂಟಿ. "ನಮಗೆ ಅನ್ನ ಹಾಕ್ತಿರೋದು ಪೆಲಿಕನ್ ಅಲ್ಲ."

"ಅದು ಸರಿ. ಆದ್ರೆ ಬೇಳೆಕಾಳು ನಮ್ಮದು ಅಂತ ಅನ್ನಿಸಲ್ಲ ನೋಡಿ. ನಾವು ತಿನ್ನಲ್ಲ. ಅದು ಇವಳ ಜನದ್ದು." ಹಾಗಂದವಳೇ ನನ್ನ ಕಡೆ ತಿರುಗಿ ಹಲ್ಲು ಬಿಟ್ಟಳು. "ಅಲ್ವಾ ಡಿಯರ್? ನಿಮ್ಮ ಮನೇಲಿ ದಿನಾ ಇದೇ ಅಲ್ವಾ?"

ಬಟ್ಟೆ ಹಿಡಿದವರೆಲ್ಲ ನನ್ನ ಕಡೆ ತಿರುಗಿದರು. ಆ ಪ್ರಶ್ನೆ ಎಷ್ಟು ಹುಷಾರಾಗಿ ಕಟ್ಟಿದ ಬೋನು ನೋಡಿ. ಹೌದು ಅಂದರೆ, ಗೊತ್ತಾಯ್ತಲ್ಲ, ಅದು ಇವರದ್ದು, ನಮ್ಮ ಬಟ್ಟೆಯ ಮೇಲೆ ಯಾಕೆ. ಇಲ್ಲ ಅಂದರೆ, ಇವಳೇ ತಿನ್ನುವುದಿಲ್ಲವಂತೆ. ಎರಡರಲ್ಲೂ ಪೆಲಿಕನ್ ಗೆಲ್ಲುತ್ತದೆ. ಆದರೂ ನಿಜ ಹೇಳಿ ಅವಳ ನಗುವನ್ನು ಕಿತ್ತು ಎಸೆಯಬೇಕು ಅನ್ನಿಸಿತು. ಲೇ ತಾಯಿ, ಇದನ್ನು ಕಂಡರೆ ನಮ್ಮಜ್ಜಿಗೆ ನಿನಗಿಂತ ಹೆಚ್ಚು ಅಸಹ್ಯವಾಗುತ್ತಿತ್ತು ಅನ್ನಬೇಕು ಅನ್ನಿಸಿತು. ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಪಕ್ಕಕ್ಕೆ ನೋಡಿದೆ. ಆಂಟಿ ಒಂದು ಚಮಚವನ್ನು ಬಟ್ಟೆಯಲ್ಲಿ ಮುಚ್ಚಿ ಹಿಡಿದುಕೊಂಡು ನನ್ನ ಬಾಯನ್ನೇ ನೋಡುತ್ತಿದ್ದರು. ಬಟ್ಟೆಯ ಮೂಲೆಯ ಬಗ್ಗೆ ಅವರಿಗೆ ಆಗಲೇ ಆಸೆ ಹೋಗಿತ್ತು ಅಂತ ಕಾಣುತ್ತದೆ. ಅವರು ಕಾಯುತ್ತಿದ್ದದ್ದು ನನ್ನ ಉತ್ತರಕ್ಕೆ.

"ಹೌದು," ಅಂದೆ. "ದಿನಾ."

"ನೋಡಿದ್ರಾ," ಎಂದಳು ಅಧ್ಯಕ್ಷೆ. ಪೆಲಿಕನ್ ಗೆದ್ದಿತು. ಯಾರೋ ಮಳೆಯ ಮಾತು ತೆಗೆದರು. ಆಂಟಿ ಆ ಚಮಚವನ್ನು ಡ್ರಾಯರಿಗೆ ಹಾಕಿ, ನನ್ನ ಕಡೆ ಬಾಗಿ ಮೆಲ್ಲಗೆ ಅಂದರು: "ಹೋಗಲಿ ಬಿಡು. ನಿನ್ನ ಜನ ತಿಂತಾರಲ್ಲ, ಅಷ್ಟು ಸಾಕು."

ಮನೆಗೆ ನಡೆದುಕೊಂಡು ಬರುವಾಗ ಖಾಲಿಯಾಗದ ಪಾತ್ರೆ ನನ್ನ ಗಂಡನ ಕೈಯಲ್ಲಿತ್ತು, ನನ್ನ ಉತ್ತರ ಅಷ್ಟರಲ್ಲಿ ಅವನ ಕಿವಿಗೂ ಬಿದ್ದಿತ್ತು.

"ನೀನ್ಯಾಕೆ ಸುಳ್ಳು ಹೇಳ್ದೆ? ನಮ್ಮನೇಲಿ ಯಾವತ್ತು ಮಾಡಿದೀಯ ಇದನ್ನ?"

"ಸುಮ್ನೆ ನಡೀರಿ."

"ಅಲ್ಲ ಕಣೇ, ಈಗ ಈ ಪಾತ್ರೆ ಹುಳಿ ಯಾರು ತಿನ್ನೋದು?"

"ನಾವೇ," ಅಂದೆ. ಎರಡು ದಿನ ತಿಂದೆವು. ರುಚಿಯಾಗಿತ್ತು, ಅದೇ ನನಗೆ ಇನ್ನೂ ಸಿಟ್ಟು ತರಿಸಿತು. ಒಂದು ಊರು ತನ್ನ ಜಂಬಕ್ಕೆ, ನನ್ನ ಅಜ್ಜಿ ತನ್ನ ಮಡಿಗೆ, ಇಂಥ ಒಂದು ಕಾಳನ್ನು ಹೊಸಿಲ ಆಚೆಗೆ ನಿಲ್ಲಿಸಿಬಿಟ್ಟಿದ್ದರಲ್ಲ ಅಂತ.

ಪಿಆರ್ ಬಂದ ಕೂಡಲೇ ಗಂಟುಮೂಟೆ ಕಟ್ಟಿದೆವು. ಪರ್ತ್‌ನಲ್ಲಿ ಕೆಲಸ, ಕ್ಯಾನಿಂಗ್ ವೇಲ್‌ನಲ್ಲಿ ಮನೆ, ಪಕ್ಕದ ಥಾರ್ನ್ಲಿಯಲ್ಲಿ ಕನ್ನಡ ಮಾತಾಡುವ ಗೆಳತಿಯರು. ಊರು ಬಿಡುವ ದಿನ ಅಧ್ಯಕ್ಷೆ ಬಂದು ಪೆಲಿಕನ್ ಬಟ್ಟೆ ಕೊಟ್ಟು, ನಮ್ಮನ್ನು ಮರೆಯಬೇಡಿ ಎಂದಳು. ಮರೆತಿಲ್ಲ, ದಿನಾ ಒಲೆ ಒರೆಸುತ್ತೇನೆ. ಆಂಟಿಯನ್ನು ಅಷ್ಟು ಹೊತ್ತಿಗೆ ಅಡಿಲೇಡಿನ ಒಂದು ವೃದ್ಧಾಶ್ರಮಕ್ಕೆ ಸೇರಿಸಿದ್ದರು. ಮೊಣಕಾಲು ಕೈಕೊಟ್ಟಿತ್ತು.

ಹೋದ ವರ್ಷ ಗೆಳತಿಯೊಬ್ಬಳ ಮನೆಯ ಗೃಹಪ್ರವೇಶಕ್ಕೆ ಅಡಿಲೇಡಿಗೆ ಹೋಗಿದ್ದೆ. ಗೃಹಪ್ರವೇಶ ನೆಪ ಎಂದು ನನ್ನ ಗಂಡ ಅನ್ನುತ್ತಾನೆ. ಅನ್ನಲಿ. ಹೋಳಿಗೆ ಊಟ ಅರ್ಧಕ್ಕೆ ಬಿಟ್ಟು ಆಂಟಿಯನ್ನು ನೋಡಲು ಹೋದೆ. ದೊಡ್ಡ ಕಿಟಕಿಗಳ ಹಾಲ್, ಗೋಡೆಗುಂಟ ಕುರ್ಚಿಗಳು, ಟೀವಿ ತನ್ನಷ್ಟಕ್ಕೆ ಕಿರುಚುತ್ತಿತ್ತು. ಆಂಟಿ ಇಷ್ಟೇ ಇಷ್ಟಾಗಿದ್ದರು. ಆದರೆ ನನ್ನನ್ನು ಕಂಡ ಕೂಡಲೇ ಬೇಲಿಯ ಮೇಲಿನ ಆ ಹಳೆಯ ಮುಖ ಬಂತು.

"ಬಂದ್ಯಾ? ಅವನು ಯಾರು ನೋಡು," ಎಂದು ಗದ್ದ ಎತ್ತಿ ಎದುರಿನ ಕುರ್ಚಿ ತೋರಿಸಿದರು.

ಎದುರಿನ ಕುರ್ಚಿಯಲ್ಲಿ ಮಂಡಿಯ ಮೇಲೆ ಕಂಬಳಿ ಹೊದ್ದು ಕೂತಿದ್ದವನು ಆ ಯಜಮಾನ. ಹಕ್ಕಿಗಳಿಗೆ ಕಾಳು ಎರಚಿದವನು, ಅಧ್ಯಕ್ಷೆಯ ಮಾವ. ಕಿವಿ ಮಂದ, ಬಾಯಿಯ ಅಂಚಿನಲ್ಲಿ ಕಸ್ಟರ್ಡ್. ಅಷ್ಟು ದೊಡ್ಡ ಜಮೀನು, ಅಷ್ಟು ಬೀದಿಗೆ ಹೆಸರು, ಕೊನೆಗೆ ಹೊರಗಿನವಳ ಎದುರಿನ ಕುರ್ಚಿ.

"ಅವನಿಗೆ ಹೇಳು," ಎಂದರು ಆಂಟಿ. ನನ್ನ ಮಣಿಕಟ್ಟನ್ನು ಹಿಡಿದ ಬೆರಳುಗಳಲ್ಲಿ ಇನ್ನೂ ಶಕ್ತಿಯಿತ್ತು. "ನಾನು ಹೇಳಿದ್ರೆ ನಂಬಲ್ಲ. ನೀನು ಹೇಳು. ನಿಮ್ಮ ಮನೇಲಿ ಏನ್ ತಿಂತಿದ್ರಿ ಹೇಳು."

ನಾನು ಎದ್ದು ಆ ಮುದುಕನ ಕಿವಿಯ ಬಳಿ ಬಾಗಿದೆ. ಅವನು ನನ್ನನ್ನು ನರ್ಸು ಅಂದುಕೊಂಡ.

"ನಮ್ಮಜ್ಜಿ," ಎಂದು ಕೂಗಿದೆ, "ದಿನಾ ಬೆಳಗಾಗೆದ್ದು ಸ್ನಾನ ಮಾಡಿ ಇದೇ ಕಾಳು ಬೇಯಿಸ್ತಿದ್ಳು!"

"ಏನು?"

"ಇದೇ ಕಾಳು! ಇವರ ಗಂಡ ಬೆಳೆದ ಕಾಳು!" ಟೀವಿ ನೋಡುತ್ತಿದ್ದವರೂ ತಿರುಗಿದರು. ನನಗೆ ನಿಲ್ಲಿಸಲಾಗಲಿಲ್ಲ. "ದೇವರಿಗೆ ನೈವೇದ್ಯ ಮಾಡಿ ಆಮೇಲೆ ನಮಗೆ ಬಡಿಸ್ತಿದ್ಳು! ಹಬ್ಬಕ್ಕೆ, ಮದುವೆಗೆ, ಬಾಣಂತಿಗೆ, ಎಲ್ಲದಕ್ಕೂ! ಇದಿಲ್ಲದೆ ಒಂದು ದಿನ ಊಟ ಇರ್ಲಿಲ್ಲ! ಇದನ್ನ ತಿಂದೇ ನಾವೆಲ್ಲ ಬೆಳೆದಿದ್ದು!"

ಅವನು ನನ್ನನ್ನು ನೋಡಿದ, ಆಂಟಿಯನ್ನು ನೋಡಿದ, ಬಹಳ ಹೊತ್ತು ಏನೋ ಅಗಿಯುವವನ ಹಾಗೆ ದವಡೆ ಆಡಿಸಿದ.

"ಮಳೆ ಬಂತಾ ನಿಮ್ಮಲ್ಲಿ?" ಎಂದ.

ಥೂ ನಿನ್ನ, ಎಂದು ಕನ್ನಡದಲ್ಲೇ ಅಂದೆ. ತಿರುಗಿ ನೋಡಿದರೆ ಆಂಟಿ ಕಣ್ಣು ಮುಚ್ಚಿಕೊಂಡು ಕೂತಿದ್ದರು. ತುಟಿಯಲ್ಲಿ ನಗು, ತಲೆ ಮೆಲ್ಲಗೆ ಹೌದು ಹೌದು ಎಂದು ಆಡುತ್ತಿತ್ತು.

"ದೇವರಿಗೂ ಇಡ್ತಿದ್ರಾ?" ಎಂದರು ಕಣ್ಣು ತೆರೆಯದೆ.

"ಮೊದಲು ದೇವರಿಗೇ ಆಂಟಿ."

ನಮ್ಮಜ್ಜಿ ಬದುಕಿದ್ದು ಈ ಮಾತು ಕೇಳಿದ್ದರೆ ಮತ್ತೆ ತಲೆಗೆ ನೀರು ಹಾಕಿಕೊಳ್ಳುತ್ತಿದ್ದಳು. ಹಾಕಿಕೊಳ್ಳಲಿ. ಆ ಊರಿನ ಮುಂದೆ ಒಮ್ಮೆ ನನ್ನ ಸುಳ್ಳಿನಿಂದ ಆಂಟಿ ಸೋತಿದ್ದರು, ಇನ್ನೊಮ್ಮೆ ಅದೇ ಸುಳ್ಳಿನಿಂದ ಗೆಲ್ಲಲಿ.